ಕದನವಿರಾಮದ ದಿನ ನಮ್ಮತ್ತೆ ಹೂಡಿದ ಯುದ್ಧ

ನಮ್ಮ ಸೋದರತ್ತೆ ಈವರೆಗೆ ಮುನ್ನೂರ ಹನ್ನೊಂದು ಕೋಟೆಗಳನ್ನು ಸುಟ್ಟಿದ್ದಾರೆ. ಲೆಕ್ಕ ಅವರದೇ, ನನ್ನದಲ್ಲ. ಇಷ್ಟಾದರೂ ದಿಬ್ಬೂರಹಳ್ಳಿಯಲ್ಲಿ ಅವರ ಮೇಲೆ ಒಂದೇ ಒಂದು ದೂರು ಇಲ್ಲ! ಅರವತ್ತು ದಾಟಿದ, ರೇಷ್ಮೆಹುಳು ಸಾಕುವ, ಬೆಕ್ಕು ಅಡ್ಡ ಬಂದರೂ "ನಿನ್ ಕೆಲ್ಸಕ್ಕೆ ನೀನು ಹೋಗಮ್ಮ" ಎಂದು ದಾರಿ ಬಿಡುವ ಈ ಹೆಂಗಸಿನ ದಂಡಯಾತ್ರೆಗಳೆಲ್ಲ ನಡೆಯುವುದು ಅಂಗೈಯಗಲದ ಮೊಬೈಲಿನೊಳಗೆ.

ಈ ಅನಾಹುತದ ಹೊಣೆ ನನ್ನದು ಎಂದು ಮೊದಲೇ ಒಪ್ಪಿಕೊಳ್ಳುತ್ತೇನೆ. ರೇಷ್ಮೆಗೂಡಿನ ಧಾರಣೆ ತಿಳಿಯಲು ಬೆಳೆಗಾರರು ದಲ್ಲಾಳಿಗಳ ಬಾಯಿ ನೋಡಬೇಕಾದದ್ದು ಅನ್ಯಾಯ; ರಾತ್ರಿ ಹಗಲು ಹುಳುವಿಗೆ ಸೊಪ್ಪು ಹಾಕುವ ಹೆಂಗಸರಿಗೆ ಆ ಮಾಹಿತಿಯೂ ದಕ್ಕದಿರುವುದು ಇಮ್ಮಡಿ ಅನ್ಯಾಯ. ಹೀಗೆಂದು ಭಾಷಣ ಮಾಡಿ ಅವರ ಕೈಗೆ ಮೊಬೈಲು ಕೊಟ್ಟವಳು ನಾನೇ. ಒಂದು ವಾರ ಅತ್ತೆ ಶ್ರದ್ಧೆಯಿಂದ ಶಿಡ್ಲಘಟ್ಟದ ಮಾರುಕಟ್ಟೆಯ ಧಾರಣೆ ನೋಡಿದರು. ಎಂಟನೆಯ ದಿನ ಧಾರಣೆಯ ನಡುವೆ ಜಾಹೀರಾತೊಂದು ಹಾರಿಬಂತು. ಅದರಲ್ಲಿ ಒಂದು ಕೋಟೆ ಹೊತ್ತಿ ಉರಿಯುತ್ತಿತ್ತು. ಅತ್ತೆ ಅದನ್ನು ಆರಿಸಲು ಬೆರಳಿಟ್ಟರು. ಅಂದಿಟ್ಟ ಬೆರಳನ್ನು ಇಂದಿಗೂ ತೆಗೆದಿಲ್ಲ.

ಆಟದ ನಿಯಮ ಸರಳ. ಒಬ್ಬೊಬ್ಬರೂ ಒಂದು ಕೋಟೆ ಕಟ್ಟಬೇಕು, ಕಲ್ಲು ಮರ ಕೂಡಿಸಬೇಕು, ಸಿಪಾಯಿಗಳನ್ನು ಸಾಕಬೇಕು. ಇಪ್ಪತ್ತೈದು ಜನ ಸೇರಿದರೆ ಒಂದು ಕೂಟ. ಕೂಟ ಕೂಟಗಳ ನಡುವೆ ಕಾಳಗ. ಒಬ್ಬರ ಮುಖ ಒಬ್ಬರು ನೋಡಿರುವುದಿಲ್ಲ, ಧ್ವನಿಯಷ್ಟೇ ಪರಿಚಯ. ಅತ್ತೆ ತಮ್ಮ ಕೂಟಕ್ಕೆ ನಾಯಕಿಯಾದದ್ದು ಶೌರ್ಯದಿಂದಲ್ಲ. ಯಾವ ಹೊತ್ತಿನಲ್ಲಿ ಯಾರು "ಯಾರಾದ್ರೂ ಎದ್ದಿದೀರಾ?" ಎಂದು ಕೇಳಿದರೂ, ಸೊಪ್ಪು ಹಾಕಲು ಎದ್ದ ಅತ್ತೆ "ಹೂಂ, ಏನಪ್ಪ?" ಎನ್ನುತ್ತಿದ್ದರು. ಪ್ರಜಾಪ್ರಭುತ್ವದಲ್ಲಿ ನಾಯಕರ ಆಯ್ಕೆಗೆ ಇದಕ್ಕಿಂತ ಉತ್ತಮ ಮಾನದಂಡ ಉಂಟೆ?

ಕೂಟದ ಯುದ್ಧಗಳ ಪಂಚಾಂಗವನ್ನು ಬರೆಯುತ್ತಿದ್ದುದು ಹುಳುಗಳು. ರೇಷ್ಮೆಹುಳು ನಾಲ್ಕು ಸಲ ಪೊರೆ ಬಿಡುತ್ತದೆ. ನಮ್ಮ ಕಡೆ ಅದಕ್ಕೆ ಜ್ವರ ಎನ್ನುತ್ತಾರೆ. ಜ್ವರಕ್ಕೆ ಕೂತ ಹುಳು ಮೇವು ಮುಟ್ಟದೆ, ತಲೆಯೆತ್ತಿ, ಒಂದು ದಿನ ಅಲುಗಾಡದೆ ಇರುತ್ತದೆ. ಆಗ ಅದನ್ನು ಯಾರೂ ಮುಟ್ಟಬಾರದು. ಅತ್ತೆಗೆ ಬಿಡುವು ಸಿಗುವುದು ಆ ದಿನ ಮಾತ್ರ; ಜ್ವರದಿಂದ ಎದ್ದ ಹುಳು ಮತ್ತೆ ಹಗಲಿರುಳು ಸೊಪ್ಪು ಬೇಡುತ್ತದೆ.

"ಅಮ್ಮಾ, ಇವತ್ತು ನುಗ್ಗಣ್ವಾ?" ಎಂದು ಕೇಳುತ್ತಿದ್ದವನು ಚಿಂತಾಮಣಿಯ ಟೊಮೆಟೊ ಮಂಡಿಯಲ್ಲಿ ಕ್ರೇಟು ಹೊರುವ ಒಬ್ಬ ಹಮಾಲಿ.

"ಇವತ್ತಾಗಲ್ಲಪ್ಪ. ಹುಳ ಮೂರನೇ ಜ್ವರ ಎದ್ದೈತೆ. ಸೊಪ್ಪು ಕೊಯ್ಬೇಕು. ಇನ್ನು ಮೂರು ದಿನ ತಡ್ಕೋ."

"ಏಮಮ್ಮಾ, ಅಲ್ಲೀವರ್ಗೂ ಶತ್ರುಗಳು ಕಾಯ್ತಾರಾ?"

"ಅವ್ರಿಗೇನು ಮನೇಲಿ ಕೆಲ್ಸ ಇರಲ್ವಾ?"

ಯುದ್ಧವೆಂಬುದು ಮನುಕುಲದ ಮೇಲಿನ ಅಪರಾಧ, ಅದನ್ನು ಮನರಂಜನೆಯಾಗಿ ಮಾರುವುದು ಅದಕ್ಕಿಂತ ದೊಡ್ಡ ಅಪರಾಧ ಎಂದು ನಾನು ವಾದಿಸಿದೆ. ತತ್ತ್ವದ ಕಾರಣಕ್ಕಾಗಿ ಆ ಆಟವನ್ನು ನನ್ನ ಮೊಬೈಲಿಗೆ ಸೋಕಿಸಲೂ ಇಲ್ಲ. ಸಾಲದೆಂಬಂತೆ ಅತ್ತೆಯನ್ನು ವಿದುರಾಶ್ವತ್ಥಕ್ಕೆ ಕರೆದೊಯ್ದು, ಸ್ವಾತಂತ್ರ್ಯ ಹೋರಾಟದ ಕಾಲದಲ್ಲಿ ಬರಿಗೈಯಲ್ಲಿ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದ ಜಾಗವನ್ನು ತೋರಿಸಿದೆ. ಅತ್ತೆ ಅಲ್ಲಿ ಬಹಳ ಹೊತ್ತು ನಿಂತರು. ಆಟ ಬಿಟ್ಟರೆಂದೇ ನಾನು ಹಿಗ್ಗಿದೆ. ಮನೆ ಸೇರಿದವರೇ ಮೊಬೈಲು ಎತ್ತಿಕೊಂಡು ಕೂಟಕ್ಕೆಲ್ಲ ಹೊಸ ಆಜ್ಞೆ ಹೊರಡಿಸಿದರು: "ಕಾವಲಿಲ್ದಿರೋ ಕೋಟೆ ಮೇಲೆ ಯಾರೂ ಹೋಗ್ಬಾರ್ದು. ಹೋದೋರು ನಮ್ ಕೂಟದಲ್ಲಿ ಇರಂಗಿಲ್ಲ." ನನ್ನ ಬೋಧನೆ ಫಲಿಸಿತ್ತು, ನಾನು ಬಯಸಿದ ಕಡೆ ಅಲ್ಲ ಅಷ್ಟೆ!

ಹೀಗಿರುವಾಗ ಯುಗಾದಿ ಬಂತು. ಆಟದ ಕಂಪನಿ ಮೂರು ದಿನದ ಕದನವಿರಾಮ ಘೋಷಿಸಿತು. ಪ್ರತಿ ಕೋಟೆಗೂ ಬಿಳಿಯ ಹೊದಿಕೆ ಬೀಳುತ್ತದೆ, ಯಾರೂ ಯಾರನ್ನೂ ಮುಟ್ಟಲಾಗದು, ನಿಶ್ಚಿಂತೆಯಿಂದ ಹಬ್ಬ ಮಾಡಿ ಎಂದಿತು.

ಕೂಟದಲ್ಲಿ ಗೌರಿಬಿದನೂರಿನ ಒಬ್ಬಳು ಹುಡುಗಿ ಇದ್ದಳು. ಬಟ್ಟೆ ಕಾರ್ಖಾನೆಯ ಹೊಲಿಗೆ ಯಂತ್ರದ ಮುಂದೆ ದಿನವಿಡೀ ಕೂರುವವಳು. ಶೌಚಕ್ಕೆ ಎದ್ದರೂ ಮೇಸ್ತ್ರಿ ಗಡಿಯಾರ ನೋಡುವ ಆ ಕೆಲಸದ ಕ್ರೌರ್ಯವನ್ನು ಇಲ್ಲಿ ಹೇಳದೆ ಹೋದರೆ ತಪ್ಪಾಗುತ್ತದೆ. ಕಾರ್ಖಾನೆಯ ಬಸ್ಸಿನಲ್ಲಿ ಹೋಗುತ್ತ ಬರುತ್ತ, ಎರಡು ವರ್ಷದಲ್ಲಿ ಅವಳೊಂದು ಕೋಟೆ ಕಟ್ಟಿದ್ದಳು. ತನ್ನದೆಂದು ಹೇಳಿಕೊಳ್ಳಲು ಅವಳಿಗಿದ್ದದ್ದು ಅದೊಂದೇ.

"ಅಮ್ಮಾ, ಒಂದ್ ವರ್ಷ ಆದ್ಮೇಲೆ ನಮ್ಮಮ್ಮನ ಮನೆಗೆ ಹೋಗ್ತಿದೀನಿ," ಎಂದಳು. "ಫೋನ್ ಆಫ್ ಮಾಡ್ಲಾ? ಏನೂ ಆಗಲ್ಲ ತಾನೆ?"

"ಆಫ್ ಮಾಡಿ ಹೋಗಮ್ಮ. ನಿನ್ ಕೋಟೆಗೆ ನಾನಿದೀನಿ," ಎಂದು ಅತ್ತೆ ಮಾತು ಕೊಟ್ಟರು. ಇತರರಿಗೂ ಅದನ್ನೇ ಹೇಳಿದರು. ಇಪ್ಪತ್ತನಾಲ್ಕು ಮೊಬೈಲುಗಳು ಕಣ್ಣು ಮುಚ್ಚಿದವು.

ಹಬ್ಬದ ಬೆಳಿಗ್ಗೆ ಹುಳುಗಳು ನಾಲ್ಕನೇ ಜ್ವರಕ್ಕೆ ಕೂತಿದ್ದವು. ಅತ್ತೆ ನೆತ್ತಿಯಿಂದ ಅಂಗಾಲಿನವರೆಗೆ ಹರಳೆಣ್ಣೆ ಬಳಿದುಕೊಂಡು, ಒಲೆಯ ಮೇಲಿನ ನೀರು ಕಾಯುವವರೆಗೆ ಸುಮ್ಮನೆ ನೋಡೋಣವೆಂದು ಮೊಬೈಲು ತೆರೆದರು. ಕೋಟೆಗಳ ಮೇಲೆ ಬಿಳಿ ಬಾವುಟ ಹಾರುತ್ತಿತ್ತು. ಹೊದಿಕೆ ಮಾತ್ರ ಬಿದ್ದಿರಲೇ ಇಲ್ಲ! ಇದನ್ನು ಪತ್ತೆ ಹಚ್ಚಿದ ಬೇರೊಂದು ಕೂಟದವರು ಮಲಗಿದ್ದ ಕೋಟೆಗಳಿಗೆ ಬೆಂಕಿಯಿಡುತ್ತ ಬರುತ್ತಿದ್ದರು. ನಮ್ಮವರದು ಎರಡು ಆಗಲೇ ಬೂದಿಯಾಗಿತ್ತು.

ನಾನು ತಕ್ಷಣ ಕಾರ್ಯಪ್ರವೃತ್ತಳಾದೆ. ಕಂಪನಿಗೆ ಹದಿನಾಲ್ಕು ಅಂಶಗಳ ಮನವಿಪತ್ರ ಬರೆಯಲು ಕೂತೆ. ಜನರ ಹಬ್ಬವನ್ನು ವ್ಯಾಪಾರದ ಸರಕಾಗಿಸಿದ್ದು ಒಂದನೆಯ ತಪ್ಪು. ನಂಬಿಕೆ ಹುಟ್ಟಿಸಿ ಕಾವಲು ತೆಗೆಸಿದ್ದು ಎರಡನೆಯದು. ಹದಿನಾಲ್ಕನೆಯದನ್ನು ಮುಗಿಸಿ ಕಳುಹಿಸಿದ ಅರೆಗಳಿಗೆಯಲ್ಲೇ ಯಂತ್ರದಿಂದ ಉತ್ತರ ಬಂತು: ತಮಗೂ ತಮ್ಮ ಕುಟುಂಬಕ್ಕೂ ಹಬ್ಬದ ಶುಭಾಶಯಗಳು.

ಅಷ್ಟರಲ್ಲಿ ಅತ್ತೆಯ ಕಡೆ ತಿರುಗಿದರೆ, ನಾನು ಕಂಡದ್ದೇನು? ಅತ್ತೆ ಗೌರಿಬಿದನೂರಿನ ಹುಡುಗಿಯ ಕೋಟೆಯ ಮೇಲೆ ದಂಡೆತ್ತಿ ಹೋಗಿದ್ದರು!

"ಅತ್ತೆ, ಏನಿದು ದ್ರೋಹ?"

"ಸುಮ್ನಿರಮ್ಮ, ಲೆಕ್ಕ ತಪ್ಪುತ್ತೆ."

ದಂಡು ಎಂದೆನಲ್ಲ, ಅದು ಒಬ್ಬನೇ ಒಬ್ಬ ಸೌದೆ ಕಡಿಯುವವನು. ಗೋಡೆಗೆ ಒಂದು ಏಟು ಹಾಕಿ ಅವನು ಸತ್ತುಬಿದ್ದ. ಮರುಕ್ಷಣವೇ ಕೋಟೆಯ ಮೇಲೆ ನೀಲಿಯ ಹೊದಿಕೆ ಇಳಿಯಿತು. ಒಮ್ಮೆ ಪೆಟ್ಟು ತಿಂದ ಕೋಟೆಯನ್ನು, ಅದು ಬಿದ್ದರೂ ಬೀಳದಿದ್ದರೂ, ಒಂದು ದಿನ ಮತ್ತಾರೂ ಮುಟ್ಟುವಂತಿಲ್ಲ. ಅದು ಆಟದ ಹಳೆಯ ನಿಯಮ. ಕೆಟ್ಟಿದ್ದದ್ದು ಹಬ್ಬದ ಹೊದಿಕೆ. ಈ ಹೊದಿಕೆ ಕೆಟ್ಟಿರಲಿಲ್ಲ. ಅತ್ತೆ ತಮ್ಮವರನ್ನು ಉಳಿಸಲು ತಮ್ಮವರನ್ನೇ ಹೊಡೆಯುತ್ತಿದ್ದರು.

ಎಲ್ಲವೂ ಸಾಂಗವಾಗಿ ನಡೆಯಿತೆಂದು ಹೇಳಲಾರೆ. ಹರಳೆಣ್ಣೆಯ ಹೆಬ್ಬೆರಳು ಗಾಜಿನ ಮೇಲೆ ಜಾರಿ, ಚಿಂತಾಮಣಿಯವನ ಕೋಟೆಗೆ ಸೌದೆಯವನ ಬದಲು ಹತ್ತು ಆನೆಗಳು ಹೊರಟುಹೋದವು. ಹೊರಟ ಆನೆಗಳನ್ನು ವಾಪಸು ಕರೆಯುವ ಗುಂಡಿಯೇ ಆ ಆಟದಲ್ಲಿಲ್ಲ. ಅವನ ಕಣಜ ನೆಲಸಮವಾಯಿತು. ಒಲೆಯ ಮೇಲೆ ನೀರು ಕುದಿದು, ಆವಿಯಾಗಿ, ಹಂಡೆಯ ತಳ ಕಂಡಿತು. ತಮ್ಮವರದೆಲ್ಲ ಮುಗಿಸಿದ ಅತ್ತೆ, ವರ್ಷವಿಡೀ ಬಡಿದಾಡಿದ ಎದುರಾಳಿ ಕೂಟದ ಕೋಟೆಗಳಿಗೂ ಒಬ್ಬೊಬ್ಬ ಸೌದೆಯವನನ್ನು ಕಳಿಸತೊಡಗಿದರು.

"ಅವರು ಶತ್ರುಗಳಲ್ಲವೇ ಅತ್ತೆ?"

"ಅವ್ರೂ ಒಬ್ಬಟ್ಟು ತಿನ್ನಕ್ಕೆ ಹೋಗಿದಾರೆ ಕಣಮ್ಮ."

ಸಂಜೆಗೆ ಕಂಪನಿ ಎಚ್ಚೆತ್ತು ಹಬ್ಬದ ಹೊದಿಕೆಯನ್ನು ಸರಿಪಡಿಸಿತು. ಆಗಷ್ಟೇ ನಾನು ಅತ್ತೆಯ ಸ್ವಂತ ಕೋಟೆಯನ್ನು ನೋಡಿದೆ. ಮೂರು ವರ್ಷದ ಗೋಡೆಗಳಲ್ಲಿ ಒಂದೂ ಉಳಿದಿರಲಿಲ್ಲ.

"ನಂಗೆ ಬೆಳಿಗ್ಗೆ ನೀಲಿ ಹೊದಿಕೆ ಇತ್ತಮ್ಮ. ನಿನ್ನೆ ಯಾರೋ ಹೊಡೆದಿದ್ರು," ಎಂದರು ಅತ್ತೆ, ಒಣಗಿದ ಎಣ್ಣೆಯನ್ನು ಸೆರಗಿಗೆ ಒರೆಸುತ್ತ. "ಹೊದ್ಕೊಂಡೋರು ಇನ್ನೊಬ್ರ ಮೇಲೆ ಕೈ ಎತ್ತಿದ್ರೆ ಅದು ಹೋಗ್ಬಿಡುತ್ತೆ. ಪೋನೀ ಬಿಡು."

ಮೊದಲನೆಯ ಸೌದೆಯವನನ್ನು ಕಳಿಸುವಾಗಲೇ ಅವರಿಗೆ ಅದು ಗೊತ್ತಿತ್ತು. ಅತ್ತೆಯ ಕೋಟೆಯನ್ನು ಉಳಿಸಲು ಬೇರೊಬ್ಬರ ಒಂದೇ ಒಂದು ಏಟು ಸಾಕಾಗುತ್ತಿತ್ತು. ಜಗತ್ತಿನ ಎಲ್ಲ ಅನ್ಯಾಯಗಳ ಪಟ್ಟಿ ನನ್ನ ಬಳಿ ಇತ್ತು; ಕಳಿಸಲು ಒಬ್ಬ ಸೌದೆಯವನು ಇರಲಿಲ್ಲ.

ಮರುದಿನ ವರ್ಷತೊಡಕಿನ ಬಾಡೂಟ ಮುಗಿಸಿ ಚಿಂತಾಮಣಿಯವನು ಮೊಬೈಲು ತೆರೆದು ಗುಡುಗಿದ: "ಏನಮ್ಮಾ ಇದು? ಹಬ್ಬದ ದಿನ ಆನೆ ಬಿಡ್ತಾರಾ?" ಅತ್ತೆ ನಡೆದದ್ದನ್ನು ಹೇಳಿದರು. ಆಮೇಲೆ ಅವನ ಕೋಟೆಯಿಂದ ಕಲ್ಲು ಬಂತು, ಮರ ಬಂತು. ಹಿಂದೆಯೇ ಉಳಿದವರದೂ ಸಾಲುಗಟ್ಟಿತು. ಎದುರಾಳಿ ಕೂಟದಿಂದಲೂ ನಾಲ್ಕು ಗಾಡಿ ಕಲ್ಲು ಬಂದಿಳಿಯಿತು. ಅತ್ತೆ ಯಾವುದನ್ನೂ ಜೋಡಿಸಲಿಲ್ಲ. ಹುಳು ಜ್ವರ ಎದ್ದಿತ್ತು. ಸೊಪ್ಪು ಹಾಕುತ್ತ, ತಟ್ಟೆಯಿಂದ ತಟ್ಟೆಗೆ ಹೋಗುವಾಗಲೆಲ್ಲ ಮೊಬೈಲಿನ ಕಡೆ ನೋಡುತ್ತಿದ್ದರು. ಗೌರಿಬಿದನೂರಿನ ಹುಡುಗಿಯಿಂದ ಸುದ್ದಿಯಿರಲಿಲ್ಲ. ಕಾಯುತ್ತೇನೆಂದ ಕೈಯೇ ಹೊಡೆದದ್ದನ್ನು ಕಂಡು ಅವಳು ಏನೆಂದುಕೊಂಡಾಳು?

ಮೂರನೆಯ ದಿನ ಮಧ್ಯಾಹ್ನ ಅವಳ ಧ್ವನಿಸಂದೇಶ ಬಂತು. ಹಿಂದೆ ಬಸ್ಸಿನ ಸದ್ದಿತ್ತು.

"ಅಮ್ಮಾ, ನಿಮ್ ಸೌದೆಯವನನ್ನ ನೋಡ್ದೆ. ನಿಮ್ ಕೋಟೇನೂ ನೋಡ್ದೆ. ಏನು ಹೇಳ್ಬೇಕೋ ಗೊತ್ತಾಗ್ತಿಲ್ಲಮ್ಮಾ. ನಾನು ಮೂರು ದಿನಾನೂ ನಮ್ಮಮ್ಮನ ಪಕ್ಕ ಮಲಗಿದ್ದೆ. ಹೊತ್ತು ಹುಟ್ಟಿದ್ರೂ ಎಚ್ಚರಾನೇ ಆಗ್ತಿರ್ಲಿಲ್ಲ."

ಅತ್ತೆ ಕೈಯಲ್ಲಿದ್ದ ಸೊಪ್ಪನ್ನು ಕೆಳಗಿಟ್ಟು ಅದನ್ನು ಇನ್ನೊಮ್ಮೆ ಕೇಳಿದರು. ಮತ್ತೂ ಒಮ್ಮೆ ಕೇಳಿದರು. ನಾನೇನೋ ಕೇಳಿಸಿಕೊಂಡೇ ಇಲ್ಲವೆಂಬಂತೆ ನನ್ನ ಕಡೆ ತಿರುಗಿ, ಹುಳುಗಳಿಗೆ ತೊಂದರೆಯಾಗದಷ್ಟು ಮೆಲ್ಲಗೆ ಹೇಳಿದರು:

"ಚೆನ್ನಾಗಿ ನಿದ್ದೆ ಮಾಡಿದ್ಲಂತೆ ಕಣಮ್ಮ."