ಕಿನ್ನರಿಯ ಮರಕ್ಕೊಂದು ಕಟಿಂಗ್

ಕತ್ತರಿ ಹಿಡಿದರೆ ಲೆವೆಲ್ ಮಾಮನ ಕೈ ಮಾಮನ ಮಾತನ್ನೇ ಕೇಳುತ್ತಿರಲಿಲ್ಲ. ಗಿರಾಕಿಯ ತಲೆಯ ಎಡಗಡೆ ಒಂದೆಳೆ ಹೆಚ್ಚು ಕಂಡರೆ ಎಡಕ್ಕೆ ಕಚಕ್, ಆಗ ಬಲಗಡೆ ಹೆಚ್ಚಾಗಿ ಕಂಡು ಬಲಕ್ಕೆ ಕಚಕ್. ಹೀಗೇ ಲೆವೆಲ್ ಮಾಡುತ್ತ ಮಾಡುತ್ತ, ಮದುವೆಯ ಮುನ್ನಾದಿನ ‘ಸ್ವಲ್ಪ ಟ್ರಿಮ್ ಮಾಡಿ’ ಎಂದು ಬಂದ ಮದುಮಗನೊಬ್ಬನನ್ನು ನುಣ್ಣಗೆ ಬೋಳಿಸಿ ಕಳಿಸಿದ್ದ. ಆದರೂ ಹುಡುಗಿ ಮದುವೆಯಾದಳು, ಅದು ಅವಳ ದೊಡ್ಡತನ. ಬೀದಿಯವರು ಮಾತ್ರ ಮಾಮನಿಗೆ ಅಂದೇ ಈ ಹೆಸರಿಟ್ಟರು.

ಅಂಥವನ ಕೈಗೆ ಹೆಂಡತಿ ತನ್ನ ಕಿನ್ನರಿ ತೋಟವನ್ನು ಒಪ್ಪಿಸಿ ತಂಗಿಯ ಮನೆಗೆ ಹೋಗಿದ್ದಳು.

ತೋಟವೆಂದರೆ ಒಂದು ಅಗಲವಾದ ಮಣ್ಣಿನ ಬೋಗುಣಿ. ಅದರಲ್ಲಿ ಪಾಚಿಯ ಹುಲ್ಲುಹಾಸು, ಟೀ ಲೋಟದಷ್ಟು ಮನೆ, ಮನೆಯ ಮುಂದೊಂದು ಬೆಂಚು, ಬೆಂಚಿನ ಮೇಲೆ ಹೆಬ್ಬೆರಳುದ್ದದ, ರೆಕ್ಕೆಯಿರುವ ಕಿನ್ನರಿ. ಅವಳ ನೆರಳಿಗೆ ಗೇಣುದ್ದದ ಗೋಳಿಮರ. ಗಿಡ ಆರಿಸುವುದರಲ್ಲಿ ಹೆಂಡತಿ ಬಲು ಬಿಗಿ. ಎಲ್ಲಕ್ಕೂ ಒಂದೇ ದಾಹ ಇರಬೇಕು. ನೀರು ಕಂಡರಾಗದ ಕಳ್ಳಿಯನ್ನೂ ನೀರಿಲ್ಲದೆ ಬದುಕದ ಜರಿಗಿಡವನ್ನೂ ಒಂದೇ ಬೋಗುಣಿಗೆ ಹಾಕಿದರೆ ಒಂದು ಕೊಳೆಯುತ್ತದೆ, ಇಲ್ಲವೇ ಇನ್ನೊಂದು ಒಣಗುತ್ತದೆ ಎನ್ನುತ್ತಿದ್ದಳು. ಇನ್ನು ಎಲೆ ಕಿನ್ನರಿಯ ರೆಕ್ಕೆಗಿಂತ ದೊಡ್ಡದಿರಬಾರದು, ಇದ್ದರೆ ಮರ ಮರದ ಹಾಗೆ ಕಾಣುವುದಿಲ್ಲ. ಬಡಾವಣೆಯ ತೋಟಗಳ ಪ್ರದರ್ಶನದಲ್ಲಿ ಪ್ರತಿವರ್ಷವೂ ಸಮಾಧಾನಕರ ಬಹುಮಾನ ಪಡೆದು ಪಡೆದು ಅವಳು ರೋಸಿಹೋಗಿದ್ದಳು. ಮುಂದಿನ ತಿಂಗಳು ಮೊದಲ ಬಹುಮಾನ ಬರಲೇಬೇಕಿತ್ತು.

“ರೀ, ನೀರು ಸುರೀಬೇಡಿ, ಮಂಜಿನ ಹಾಗೆ ಚಿಮುಕಿಸಿ. ಅದು ಬಿಟ್ರೆ ಎರಡೂ ಕೈ ಜೇಬಲ್ಲೇ ಇರ್ಲಿ” ಎಂದು ಹೇಳಿ ಹೋಗಿದ್ದಳು. ಮದುವೆಯಾದ ಮೇಲೆ ತೋಟ ಮುಟ್ಟಲು ಬಿಟ್ಟದ್ದು ಇದೇ ಮೊದಲು. ಮಾಮ ಖುಷಿಯಿಂದ ಉಬ್ಬಿಹೋಗಿದ್ದ. ವಾಪಸು ಬಂದವಳ ಬಾಯಿಂದ ಒಮ್ಮೆ ‘ಭೇಷ್’ ಅನ್ನಿಸಿಕೊಳ್ಳಬೇಕೆಂಬುದೊಂದೇ ಅವನ ಆಸೆ.

ಅವಳು ಬರುವ ದಿನ ಬೆಳಿಗ್ಗೆ ಮಾಮ ಬೋಗುಣಿಯನ್ನು ಮನೆಯ ಮುಂಭಾಗದಲ್ಲೇ ಇದ್ದ ತನ್ನ ಸಲೂನಿಗೆ ತಂದು, ಕನ್ನಡಿಯ ಮುಂದಿಟ್ಟು, ಗಿರಾಕಿಗಳಿಗೆ ನೀರು ಚಿಮುಕಿಸುವ ಬಾಟಲಿಯಿಂದಲೇ ಮರಕ್ಕೂ ಚಿಮುಕಿಸಿದ. ತಪ್ಪಾದದ್ದು ಅಲ್ಲೇ. ನೀರು ಚಿಮುಕಿಸಿದ ಮೇಲೆ ಆ ಕೈಗೆ ಗೊತ್ತಿದ್ದ ಮುಂದಿನ ಕೆಲಸ ಒಂದೇ. ಎಡಗಡೆ ಒಂದು ಎಲೆ ಹೆಚ್ಚಾಗಿ ಕಂಡಿತು.

ಮಾಮನಿಗೆ ಎಚ್ಚರವಾದಾಗ ಮರದಲ್ಲಿ ಕೊಂಬೆಗಳಷ್ಟೇ ಇದ್ದವು. ಕಿನ್ನರಿ ಬಟಾಬಯಲಲ್ಲಿ ಕೂತಿದ್ದಳು.

ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಹೆಂಡತಿ! ಮಾಮ ಫೋನನ್ನು ಟವೆಲ್ಲುಗಳ ಅಡಿಗೆ ತುರುಕಿದ. ಅದು ಅಲ್ಲಿಂದಲೂ ಗುಂಯ್‌ಗುಟ್ಟಿತು.

ಪಕ್ಕದಂಗಡಿಯ ಟೈಲರಕ್ಕ ಬಾಗಿಲಿಗೆ ಬಂದಳು. “ಮಾಮ, ನಿಮ್ಮ ಮನೆಯವ್ರು ನನ್ನ ಫೋನಿಗೆ ಮಾಡಿದ್ದಾರೆ. ಮರದ ವಿಷ್ಯ ಏನೋ ಹೇಳ್ಬೇಕಂತೆ...”

“ನಾನಿಲ್ಲ ಅನ್ನಿ!”

“ಇದ್ದೀರಲ್ಲ?”

“ಸತ್ತೆ ಅನ್ನಿ, ಪರವಾಗಿಲ್ಲ!”

ಟೈಲರಕ್ಕ ಬೋಗುಣಿಯನ್ನು ನೋಡಿ ಬಾಯಿಗೆ ಸೆರಗು ಒತ್ತಿಕೊಂಡಳು. “ಅಯ್ಯೋ, ಇದಕ್ಕೂ ಲೆವೆಲ್ ಮಾಡಿದ್ರಾ!”

ಕುರ್ಚಿಯಲ್ಲಿ ಮುಖಕ್ಕೆಲ್ಲ ನೊರೆ ಹಚ್ಚಿಸಿಕೊಂಡು ಕೂತಿದ್ದ ಪೋಸ್ಟ್ ಮಾಸ್ಟರು ನೊರೆಯೊಳಗಿಂದಲೇ ಉಪಾಯ ಹೇಳಿದರು. “ಕೊತ್ತಂಬರಿ ಸೊಪ್ಪು ತನ್ನಿ. ಸಂಜೆಗೆ ಕಣ್ಣು ಮಂಜು, ಯಾರಿಗೂ ಗೊತ್ತಾಗಲ್ಲ.”

ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ಟೈಲರಕ್ಕ ಒಂದೊಂದು ಎಲೆಯನ್ನೂ ಕೊಂಬೆಗೆ ಗೋಂದಿನಿಂದ ಅಂಟಿಸಿದಳು. ಮರ ಹಸಿರಾಯಿತು, ಸಲೂನು ಘಮಘಮ ಎಂದಿತು. ಗೋಂದು ಬೇಗ ಒಣಗಲೆಂದು ಮಾಮ ಕೂದಲು ಒಣಗಿಸುವ ಮೆಷಿನ್ ಹಚ್ಚಿದ. ಸೊಪ್ಪು ಕ್ಷಣದಲ್ಲಿ ಬಾಡಿ ಜೋತುಬಿತ್ತು, ಪಾಚಿಯ ಚೂರುಗಳು ಹಾರಿದವು, ಕಿನ್ನರಿ ರೆಕ್ಕೆಯಿದ್ದದ್ದೂ ಸಾರ್ಥಕವಾಗುವಂತೆ ಹಾರಿ ಪೋಸ್ಟ್ ಮಾಸ್ಟರ ಗಲ್ಲದ ನೊರೆಯಲ್ಲಿ ನೆಟ್ಟಗೆ ನಿಂತಳು.

“ಹೆಡ್ ಟೀಚರ್ ಹತ್ರ ಈ ಮರದ್ದೇ ಜೋಡಿ ಇದೆ” ಎಂದು ಟೈಲರಕ್ಕ ಬಿದ್ದು ಬಿದ್ದು ನಗುತ್ತಲೇ ಹೇಳಿದಳು. “ಒಂದೇ ದಿನ, ಒಂದೇ ನರ್ಸರಿಯಲ್ಲಿ ತಂದಿದ್ದು.”

ನಿವೃತ್ತಿಯಾದ ಮೇಲೂ ಹೆಡ್ ಟೀಚರು ಬಂದವರನ್ನು ನಿಲ್ಲಿಸಿಯೇ ಮಾತಾಡಿಸುತ್ತಿದ್ದರು. ಮಾಮ ಅವರ ಮನೆಯ ಮಹಡಿ ಹತ್ತಿ, ಕೈಕಟ್ಟಿ ನಿಂತು, “ಟೀಚರ್, ಒಂದು ರಾತ್ರಿ ಮಟ್ಟಿಗೆ” ಎಂದ. ಅಷ್ಟರೊಳಗೆ ಬೇರೆ ಮರ ಹುಡುಕಿದರಾಯಿತು ಎಂಬುದು ಅವನ ಲೆಕ್ಕ.

ಟೀಚರು ಕನ್ನಡಕದ ಮೇಲಿನಿಂದ ನೋಡಿದರು. “ಇದು ನನ್ನ ಮಗು ಇದ್ದ ಹಾಗೆ. ಬೆಳಿಗ್ಗೆ ನಾನೇ ಬಂದು ತಗೊಂಡು ಹೋಗ್ತೀನಿ. ಒಂದೆಲೆ ಕಡಿಮೆಯಾಗಿರಲಿ, ಆಮೇಲೆ ಇದೆ ನಿನಗೆ!”

“ಕತ್ತರಿ ಆಣೆಗೂ ಮುಟ್ಟಲ್ಲ ಟೀಚರ್.”

ಮಾಮ ಆ ಮರವನ್ನು ಕುಂಡದ ಸಮೇತ ಬೋಗುಣಿಯಲ್ಲಿ ಹೂತು, ಮೇಲೆ ಪಾಚಿ ಹೊದಿಸಿ, ಕಿನ್ನರಿಯ ನೊರೆ ಒರೆಸಿ ಬೆಂಚಿನ ಮೇಲೆ ಕೂರಿಸಿದ. ಬೋಳುಮರ ಟವೆಲ್ ಕಪಾಟು ಸೇರಿತು. ಸಂಜೆ ಆಟೋ ನಿಂತಾಗ ತೋಟ ಮೊದಲಿಗಿಂತ ಚೆನ್ನಾಗಿತ್ತು. ಮಾಮ ಎರಡೂ ಕೈಗಳನ್ನು ಜೇಬಿನಲ್ಲಿಟ್ಟುಕೊಂಡು ‘ಭೇಷ್’ಗೆ ಕಾದು ನಿಂತ.

ಹೆಂಡತಿ ಒಳಗೆ ಬಂದವಳೇ ಮರ ನೋಡಿ ಹಣೆ ಚಚ್ಚಿಕೊಂಡಳು.

“ಬೆಳಿಗ್ಗೆಯಿಂದ ಫೋನ್ ಮಾಡಿ ಮಾಡಿ ಬೆರಳು ಸವೀತು! ತಂಗಿ ಊರಿನ ನರ್ಸರಿಯವ್ರು ಹೇಳಿದ್ರು, ಈಗ ಎಲೆಯೆಲ್ಲ ತೆಗೆದು ಬೋಳು ಮಾಡಿದ್ರೆ ಪ್ರದರ್ಶನದ ಹೊತ್ತಿಗೆ ಹೊಸ ಎಲೆ ಇನ್ನೂ ಪುಟ್ಟದಾಗಿ ಬರುತ್ತಂತೆ. ಇವತ್ತೇ ಮಾಡ್ಬೇಕಿತ್ತು. ಊರಿನ ತಲೆಯೆಲ್ಲ ಬೋಳಿಸ್ತೀರಿ, ಹೆಂಡತಿ ಮರಕ್ಕೆ ಮಾತ್ರ ಕೈ ಜೇಬಲ್ಲಿ!”

ನಗಬೇಕೋ ಅಳಬೇಕೋ ತಿಳಿಯದೆ ಮಾಮ ಟವೆಲ್ ಕಪಾಟಿನ ಕಡೆ ಕೈ ತೋರಿಸಿದ. ಅವಳು ಅತ್ತ ನೋಡಲಿಲ್ಲ. ಅವನ ಅಂಗಿ ಜೇಬಿನಿಂದ ಕತ್ತರಿ ಎಳೆದುಕೊಂಡು ಮರದ ಮುಂದೆ ಕೂತಿದ್ದಳು.

“ನಿಲ್ಲೇ!” ಎಂದು ಮಾಮ ಕೂಗುವಷ್ಟರಲ್ಲಿ ಮರದ ನೆತ್ತಿ ಖಾಲಿಯಾಗಿತ್ತು.

“ಸುಮ್ಮನಿರಿ, ಎಡಗಡೆ ಇನ್ನೂ ಸ್ವಲ್ಪ ಹೆಚ್ಚಿದೆ” ಎಂದಳು ಅವಳು. ಇಷ್ಟು ವರ್ಷ ಜೊತೆಗೆ ಬಾಳಿದ ಮೇಲೆ ಗಂಡನ ಕೈಗುಣ ಹತ್ತದೆ ಇರುತ್ತದೆಯೇ? ಕಡೆಯ ಎಲೆ ಬೀಳುವುದಕ್ಕೂ ಬಾಗಿಲಲ್ಲಿ ಹೆಡ್ ಟೀಚರ ಚಪ್ಪಲಿ ಸದ್ದಾಗುವುದಕ್ಕೂ ಸರಿಹೋಯಿತು.

“ಮನಸ್ಸು ತಡೀಲಿಲ್ಲ ಕಣಪ್ಪ” ಎನ್ನುತ್ತ ಅವರು ಒಳಗೆ ಬಂದರು. “ಒಂದ್ಸಲ ನೋಡ್ಕೊಂಡು ಹೋಗೋಣ ಅಂತ ಬಂದೆ. ಎಲ್ಲಿ ನನ್ನ ಮರ?”

ಮಾಮ ನಿಧಾನವಾಗಿ ಹೋಗಿ ಕಪಾಟು ತೆರೆದು, ಗೋಂದು ಮೆತ್ತಿದ ಬೋಳುಮರವನ್ನು ತಂದು ಇನ್ನೊಂದರ ಪಕ್ಕದಲ್ಲಿಟ್ಟು, ಕೈಕಟ್ಟಿ ನಿಂತ.

“ಯಾವುದು ಬೇಕಾದ್ರೂ ತಗೊಳ್ಳಿ ಟೀಚರ್” ಎಂದ. “ಎರಡೂ ಲೆವೆಲ್ಲಾಗಿವೆ.”