ಸಾಂತ್ವನ ಮಂದಿರದ ಬಾಗಿಲು

ದ್ಯಾವಕ್ಕನಿಗೆ ಇಲ್ಲದಿದ್ದದ್ದು ಬಾಗಿಲು ಹಾಕಿಕೊಂಡು ಮಾತಾಡಲು ಒಂದು ಕೋಣೆ. ಬಹಳ ಹಿಂದೆ ಅವಳಿದ್ದ ಸುಮುಖಪುರವೆಂಬ ರಾಜ್ಯದಲ್ಲಿ ಮಿಕ್ಕೆಲ್ಲವೂ ಇತ್ತು.

ನೂಲಿಗೆ ಬಣ್ಣ ಹಾಕುವ ಈ ಹೆಂಗಸು, ಅತ್ತೆಗೆ ತಿಳಿಯದಂತೆ ಬಸಿರು ತೆಗೆಸಿಕೊಂಡಿದ್ದಳು. ತೆಗೆಸಿದ್ದು ತಪ್ಪೆಂದು ಅವಳಿಗೆ ಅನ್ನಿಸಿರಲಿಲ್ಲ. ಆದರೆ ನಿದ್ದೆ ಬರುತ್ತಿರಲಿಲ್ಲ, ಬಣ್ಣದ ಹಂಡೆಯ ಮುಂದೆ ಕೈ ಓಡುತ್ತಿರಲಿಲ್ಲ. ಆಪ್ತಸಮಾಲೋಚಕಿ ಮಂದಾಕಿನಿ, "ವಾರಕ್ಕೊಮ್ಮೆ ಬಾಕ್ಕಾ, ಕೂತು ಮಾತಾಡೋಣ. ಅಳು ಬಂದ್ರೆ ಅಳು, ಬರದಿದ್ರೆ ಬೇಡ" ಎಂದಿದ್ದಳು. ಇಂಥದೇ ಸಂಕಟದ ಇನ್ನೂ ಹನ್ನೊಂದು ಹೆಂಗಸರು ಬರುವುದಾಗಿ ಹೇಳಿದ್ದರು. ಮಂದಾಕಿನಿ ಅರಮನೆಗೆ ಹೋಗಿ ಒಂದು ಕೋಣೆ ಕೇಳಿದಳು. ಅರ್ಜಿಯಲ್ಲಿ ಮೊದಲು ಬರುವವಳ ಹೆಸರು, ಕಾರಣ ಬರೆಯಲೇಬೇಕಿತ್ತು; ಬರೆದಳು.

ಮಹಾರಾಜ ಸುಮುಖವರ್ಮರು ಕರುಣಾಳುಗಳು. ಕೋಣೆಯ ಬದಲು ಒಂದು ಸಾಂತ್ವನ ಮಂದಿರವನ್ನೇ ಮಂಜೂರು ಮಾಡಿದರು. ಆದರೆ ಆ ರಾಜ್ಯದಲ್ಲಿ ವೇದಿಕೆ ಕಾರ್ಯಕ್ರಮವಿಲ್ಲದೆ ಬಾವಿಯ ನೀರನ್ನೂ ಸೇದುವಂತಿರಲಿಲ್ಲ. ಪ್ರಾರ್ಥನೆ, ಸ್ವಾಗತ, ಅಧ್ಯಕ್ಷೀಯ ಭಾಷಣಗಳ ನಂತರವೇ ಸಮಾಲೋಚನೆ ಎಂದು ಸಮಾರಂಭ ಮಂತ್ರಿ ಘಂಟಾಪ್ರಿಯರು ಶಾಸನ ಹೊರಡಿಸಿದರು.

"ದುಃಖ ಹೇಳಿಕೊಳ್ಳೋಕೆ ಸಭೆ ಯಾಕೆ ಸ್ವಾಮಿ?" ಎಂದಳು ಮಂದಾಕಿನಿ.

"ಸಭಿಕರಿಲ್ಲದೆ ದುಃಖ ಹೋದ್ರೆ, ಹೋಗಿದ್ದು ಯಾರಿಗೆ ಗೊತ್ತಾಗ್ಬೇಕು ತಾಯಿ?"

"ಆಹಾ, ಎಂಥ ದೂರದೃಷ್ಟಿ!" ಎಂದರು ರಾಜರು.

"ತಮ್ಮ ಪಾದಧೂಳಿಯ ಪ್ರಭಾವ, ಪ್ರಭೂ."

ಮಂದಿರಕ್ಕೆ ಬಾಗಿಲಿದ್ದರೆ ಹೊರಗೆ ಕೂರುವ ಹಿಂದಿನ ಸಾಲಿಗೆ ವೇದಿಕೆ ಕಾಣುವುದಿಲ್ಲವೆಂದು ಅದನ್ನು ಕೀಳಿಸಲಾಯಿತು.

ಉದ್ಘಾಟನೆಯ ದಿನ ದ್ಯಾವಕ್ಕ ತಲೆಯ ಮೇಲೆ ಸೆರಗು ಹೊದ್ದು ಮೂಲೆಯಲ್ಲಿ ನಿಂತಿದ್ದಳು. ಘಂಟಾಪ್ರಿಯರು ಮೈಕ್ ಹಿಡಿದರು: "ಯೋಜನೆಯ ಪ್ರಥಮ ಫಲಾನುಭವಿ, ಬಸಿರು ತೆಗೆಸಿಕೊಂಡಿರುವ ಶ್ರೀಮತಿ ದ್ಯಾವಕ್ಕನವರು ವೇದಿಕೆಗೆ ಆಗಮಿಸಬೇಕು."

ಮುಂದಿನ ಸಾಲಿನಲ್ಲಿ ಕೂತಿದ್ದ ಅತ್ತೆ ಪಕ್ಕದವಳನ್ನು ತಿವಿದಳು. "ಏನಂದ? ಯಾವ ಬಸುರಂತೆ?"

ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ದುಃಖವನ್ನು ನಗುತ್ತಾ ಎದುರಿಸಬೇಕೆಂದು ರಾಜರು ಸಂಜೆಯವರೆಗೆ ಮಾತಾಡಿದರು. ಸಭೆ ಊಟಕ್ಕೆ ಎದ್ದಾಗ ಮಂದಾಕಿನಿ ಮೆಲ್ಲಗೆ, "ಈಗ ಹೇಳಕ್ಕಾ" ಎಂದಳು.

"ಏನೇಳ್ಲವ್ವಾ? ನಾ ಮುಚ್ಚಿಟ್ಟಿದ್ನ ಆವಯ್ಯ ಮೈಕಲ್ಲೇ ಹೇಳ್ಬುಟ್ನಲ್ಲ. ನಾನೀಗ ಮನೆಗೆ ಹೆಂಗೋಗ್ಲಿ, ಅದ ಹೇಳು."

ಮಂದಾಕಿನಿ ಅರಮನೆಗೆ ಹೋಗಿ ಆಕ್ಷೇಪ ಸಲ್ಲಿಸಿದಳು. ದನಿ ಚೆನ್ನಾಗಿದೆಯೆಂದು ಅವಳನ್ನು ನಿರೂಪಣಾ ವಿಭಾಗಕ್ಕೆ ವರ್ಗಾಯಿಸಿದರು. ರಾಜರಿಗೆ 'ಅಶ್ರುಹರ' ಎಂಬ ಬಿರುದಾಯಿತು, ಪ್ರಜೆಗಳಿಗೆ ಸಾಂತ್ವನ ಕರ.

ಹೋದದ್ದು ಇಷ್ಟು: ಒಂದು ಬಾಗಿಲು, ಒಬ್ಬ ಸಮಾಲೋಚಕಿ, ದ್ಯಾವಕ್ಕನ ಒಂದು ಗುಟ್ಟು. ಉಳಿದ ಹನ್ನೊಂದು ಹೆಂಗಸರು ಬರಲೇ ಇಲ್ಲ.