ದೀಪಸ್ತಂಭಕ್ಕೆ ಒಯ್ದ ಹರಳೆಣ್ಣೆ

ಒಂದು ಮಾತು ಗೊತ್ತಿದೆ ಎಂದುಕೊಂಡರೆ ಮುಗಿಯಿತು, ಅದನ್ನು ಇನ್ನೊಬ್ಬರ ಬಳಿ ಕೇಳಿ ತಿಳಿಯುವ ಅಭ್ಯಾಸ ನನಗಿಲ್ಲ. ಹಳ್ಳಿ ಸ್ಕೂಲಿನಲ್ಲಿ ನಾಲ್ಕನೇ ಕ್ಲಾಸು ಮುಗಿಸಿದವರಿಗೆ ಈ ಸೊಕ್ಕು ಸ್ವಲ್ಪ ಜಾಸ್ತಿ, ಮಕ್ಕಳೇ. ಪಾಂಡವಪುರದಲ್ಲಿ ಮೇಷ್ಟರಾಗಿದ್ದ ನನ್ನ ತಮ್ಮ ಒಂದು ಬೇಸಿಗೆ ರಜೆಯಲ್ಲಿ ಬಂದು, "ಅಕ್ಕ, ಸಮುದ್ರದ ಕಡೆ ಹೋಗ್ತಾ ಇವ್ನಿ. ಬಾ, ಅಲ್ಲಿ ಹಳೇ ಕಾಲದ ದೀಪಸ್ತಂಭ ಅದೆ, ತೋರಿಸ್ತೀನಿ" ಎಂದ. ನಾನು ಸದ್ದಿಲ್ಲದೆ ಒಂದು ಸೀಸೆ ಹರಳೆಣ್ಣೆ, ಒಂದು ಹಿಡಿ ಬತ್ತಿ ಗಂಟು ಕಟ್ಟಿಕೊಂಡೆ.

ದೀಪಸ್ತಂಭವೆಂದರೆ ನನಗೆ ನಮ್ಮೂರ ಗುಡಿ ಮುಂದಿನ ಕಲ್ಲುಕಂಬ. ಕಾರ್ತೀಕದಲ್ಲಿ ಮುತ್ತೈದೆಯರು ಅದಕ್ಕೆ ದೀಪ ಹಚ್ಚುತ್ತಾರೆ. ನಿಮ್ಮ ತಾತ ಹೋದ ಮೇಲೆ ಬತ್ತಿ ಹೊಸೆಯುವುದು ನಾನು, ಹಚ್ಚುವುದು ನನ್ನ ನಾದಿನಿ. "ಅತ್ಗೆ, ನೀನು ಇಂದಕ್ಕೆ ನಿಂತ್ಕೊ" ಎನ್ನುತ್ತಿದ್ದಳು, ಕೆಟ್ಟ ಮನಸ್ಸಿನಿಂದಲ್ಲ. ಗುರುತಿಲ್ಲದ ಊರಿನಲ್ಲಾದರೂ ಒಂದು ದೀಪ ನನ್ನ ಕೈಯಾರೆ ಹಚ್ಚಬೇಕೆಂಬುದು ನನ್ನ ಗುಟ್ಟು.

ತೊಣ್ಣೂರು ಕೆರೆಗಿಂತ ದೊಡ್ಡ ನೀರು ಕಾಣದ ನಾನು, ಸಮುದ್ರಕ್ಕೆ ಏರಿ ಎಲ್ಲಿದೆ ಎಂದು ಹುಡುಕಿದೆ. ದಡದಲ್ಲಿ ಗುಡಿಯೂ ಇಲ್ಲ. ಸುಣ್ಣ ಬಳಿದ ಗೋಪುರ, ಒಳಗೆ ತಲೆ ಸುತ್ತಿಸುವ ಸುತ್ತುಮೆಟ್ಟಿಲು, ತುದಿಯಲ್ಲಿ ಗಾಜಿನ ಕೋಣೆ. ಅಲ್ಲಿಗೆ ಹತ್ತಿ ನಾನು ಸೀಸೆ ತೆಗೆದೆ.

"ಅಯ್ಯೋ ಅಕ್ಕ, ಇದು ಹಡಗಿಗೆ ದಾರಿ ತೋರ್ಸೋ ದೀಪ ಕಣಕ್ಕ, ಕರೆಂಟ್ದು" ಎಂದು ತಮ್ಮ ಹೊಟ್ಟೆ ಹಿಡಿದು ನಕ್ಕ.

ದೀಪ ಕಾಯುವ ಮುದುಕರು ನಗಲಿಲ್ಲ. "ಎಣ್ಣೆ ತಂದದ್ದು ಒಳ್ಳೇದೇ ಆಯ್ತು ಮಾರಾಯ್ರೆ. ಉಪ್ಪುಗಾಳಿಗೆ ಈ ಬಾಗಿಲು ಕಿರುಗುಟ್ಟಿ ಸಾಕಾಗಿದೆ" ಎಂದರು. ಕೀಲಿಗೆ ನಾಲ್ಕು ಹನಿ ಬಿಟ್ಟೆ, ಬಾಗಿಲು ಸುಮ್ಮನಾಯಿತು. ಅವರು ಮುಳುಗುವ ಸೂರ್ಯನನ್ನು ನೋಡಿ, "ಹೊತ್ತಾಯ್ತು. ಆ ಗುಂಡಿ ನೀವೇ ಒತ್ತಿ ಅಮ್ಮ" ಎಂದರು.

ಅದಕ್ಕೆಂದೇ ಅಷ್ಟು ದೂರ ಬಂದವಳು ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡೆ. "ನಾನು ಹಚ್ಚಬಾರ್ದು ಸ್ವಾಮಿ."

ಅವರು ನನ್ನ ಬರಿಹಣೆ ನೋಡಿದರು. "ಹಚ್ಚಿದ್ದು ಯಾರು ಅಂತ ಹಡಗಿನವರು ಕೇಳುವುದಿಲ್ಲ ಅಮ್ಮ. ತಡ ಆದರೆ ಮಾತ್ರ ಬೈತಾರೆ."

ಒತ್ತಿದೆ. ಬೆಳಕು ನೀರಿನ ಮೇಲೆ ಹೋಯಿತು, ಸುತ್ತಿ ಬಂತು, ಮತ್ತೆ ಹೋಯಿತು. ತಮ್ಮನೂ ನಗು ನಿಲ್ಲಿಸಿದ್ದ.

ಊರಿಗೆ ಬಂದ ಮೇಲೆ ನಾದಿನಿ, "ಅಲ್ಲೇನ್ ಮಾಡ್ದೆ ಅತ್ಗೆ?" ಎಂದಳು. ಹರದಾರಿಗಟ್ಟಲೆ ಕಾಣುವ ದೀಪ ಹಚ್ಚಿ ಬಂದವಳು ಅಡುಗೆಮನೆಯಲ್ಲಿ ಗಂಟು ಬಿಚ್ಚಿ ಸೀಸೆ ತೆಗೆದಿಟ್ಟೆ.

"ಒಂದು ಬಾಗ್ಲಿಗೆ ಎಣ್ಣೆ ಹಾಕ್ದೆ" ಎಂದೆ.

"ಅದಕ್ಕೆ ಅಷ್ಟು ದೂರ ಹೋಗ್ಬೇಕಿತ್ತಾ? ನಮ್ಮ ಹಿತ್ಲ ಬಾಗ್ಲೂ ಕಿರ್ರ್ ಅಂತದೆ" ಎಂದು ಉಳಿದ ಎಣ್ಣೆಯ ಸೀಸೆ ನನ್ನ ಕೈಗೇ ಕೊಟ್ಟಳು.

ಅದಕ್ಕೂ ಹಾಕಿದೆ.